ಗ್ರಿಗ್ರಿ ಇದ್ದರೂ ಹಗ್ಗದಿಂದ ಕೈ ತೆಗೆಯುವಂತಿಲ್ಲ

‘ಗ್ರಿಗ್ರಿ ಹಾಕಿಕೊಂಡರೆ ಸಾಕು, ಕೈ ಬಿಟ್ಟರೂ ಹಗ್ಗ ತಾನಾಗಿಯೇ ನಿಲ್ಲುತ್ತದೆ’ ಎಂಬ ಸಂದೇಶ ಬಂಡೆ ಹತ್ತುವವರ ನಡುವೆ ಆಗಾಗ ಹರಿದಾಡುತ್ತದೆ. ಗ್ರಿಗ್ರಿ ಎಂದರೆ ಹತ್ತುವವರು ಬಿದ್ದಾಗ ಹಗ್ಗವನ್ನು ತಡೆದು ನಿಲ್ಲಿಸಲು ಕೆಳಗೆ ನಿಂತ ಸಂಗಾತಿ ಬಳಸುವ ಸಾಧನ. ಆ ಸಂದೇಶ ಅರ್ಧ ಸತ್ಯ, ಅದಕ್ಕೇ ಅಪಾಯಕಾರಿ. ಬಾದಾಮಿಯ ಕೆಂಪು ಬಂಡೆಗಳಲ್ಲಿ ಹೊಸಬರು ಬಿಲೇ (ಹತ್ತುವವರ ಹಗ್ಗವನ್ನು ಕೆಳಗಿನಿಂದ ಹಿಡಿದು ಕಾಯುವ ಕೆಲಸ) ಕಲಿಯುತ್ತಿರುವಾಗ ಇದನ್ನು ಸ್ಪಷ್ಟವಾಗಿ ಹೇಳಲೇಬೇಕು.

ಫ್ರಾನ್ಸ್‌ನ ಪೆಟ್ಜ್ಲ್ ಕಂಪನಿ 1991ರಲ್ಲಿ ತಂದ ಈ ಸಾಧನದೊಳಗೆ ತಿರುಗುವ ಒಂದು ಲೋಹದ ತುಂಡು (ಕ್ಯಾಮ್) ಇದೆ. ಮೇಲಿರುವವರು ಜಾರಿದಾಗ ಹಗ್ಗದ ಸೆಳೆತಕ್ಕೆ ಅದು ತಿರುಗಿ, ಹಗ್ಗವನ್ನು ಅದುಮಿ ಹಿಡಿಯುತ್ತದೆ. ಆದರೆ ಸಾಧನದಿಂದ ಕೆಳಗೆ ಬರುವ ಬ್ರೇಕ್ ಹಗ್ಗದ ಮೇಲೆ ಕೈಯ ಹಿಡಿತವಿಲ್ಲದಿದ್ದರೆ, ಅದರಲ್ಲೂ ಹಗ್ಗ ತೆಳುವಾಗಿದ್ದರೆ, ಕ್ಯಾಮ್ ಕಚ್ಚದೆ ಹಗ್ಗ ಸರಿದುಹೋಗಬಹುದು. ತಯಾರಕರೇ ಇದನ್ನು ಬ್ರೇಕಿಗೆ ನೆರವಾಗುವ ಸಾಧನ ಎನ್ನುತ್ತಾರೆ.

ನನಗೆ ಹೆಚ್ಚು ದಿಗಿಲು ಹುಟ್ಟಿಸುವ ತಪ್ಪು ಬೇರೆಯದು. ಹಗ್ಗವನ್ನು ಬೇಗ ಸಡಿಲಿಸುವ ಅವಸರದಲ್ಲಿ ಕೆಲವರು ಸಾಧನವನ್ನೇ ಅಂಗೈಯಿಂದ ಮುಚ್ಚಿ ಹಿಡಿಯುತ್ತಾರೆ. ಆ ಕ್ಷಣದಲ್ಲಿ ಸಂಗಾತಿ ಬಿದ್ದರೆ ಹೆದರಿದ ಕೈ ಇನ್ನಷ್ಟು ಬಿಗಿಯಾಗುತ್ತದೆ, ಕ್ಯಾಮ್ ತಿರುಗುವುದೇ ಇಲ್ಲ. ಬೇಗ ಸಡಿಲಿಸಬೇಕಾದಾಗ ಹೆಬ್ಬೆರಳಿನಿಂದ ಕ್ಯಾಮನ್ನು ಕ್ಷಣಮಾತ್ರ ಒತ್ತಬೇಕು. ಉಳಿದ ಬೆರಳುಗಳು ಬ್ರೇಕ್ ಹಗ್ಗವನ್ನು ಬಿಡಬಾರದು. ಇಳಿಸುವಾಗ ಗಾಬರಿಯಿಂದ, ಹಗ್ಗ ಸಡಿಲಿಸುವ ಹಿಡಿಕೆಯನ್ನು ಪೂರ್ತಿ ಎಳೆಯುವುದೂ ಇಂಥದ್ದೇ ತಪ್ಪು.

ಹಗ್ಗವನ್ನು ತಿರುವುಮುರುವಾಗಿ ಹಾಕಿದ್ದರೆ ಸಾಧನ ಹಿಡಿಯುವುದಿಲ್ಲ. ಹತ್ತುವ ಮುನ್ನ ಹತ್ತುವವರ ಕಡೆಗೆ ಹೋಗುವ ಎಳೆಯನ್ನು ಒಮ್ಮೆ ಜಗ್ಗಿ ನೋಡಿ. ಹಗ್ಗದ ತುದಿಗೆ ಗಂಟು ಹಾಕಿ: ಇಳಿಸುವಾಗ ಹಗ್ಗದ ಉದ್ದ ಸಾಲದೆ ತುದಿ ಹೊರಜಾರಿದರೆ, ಯಾವ ಕ್ಯಾಮೂ ಅದನ್ನು ಹಿಡಿಯಲಾರದು.