ಸ್ಪೋರ್ಟಿ ಎಸ್‌ಯುವಿಯನ್ನು ಎತ್ತರಿಸುವ ಮುನ್ನ ಅದರ ತಳವನ್ನೊಮ್ಮೆ ನೋಡಿ

ಓಡಿಸುವ ಖುಷಿಗೆಂದೇ ಆರಿಸಿ ಕೊಂಡ ಸ್ಪೋರ್ಟಿ ಎಸ್‌ಯುವಿಗೆ ಲಿಫ್ಟ್ ಕಿಟ್ (ಗಾಡಿಯ ದೇಹವನ್ನು ಚಕ್ರಗಳಿಂದ ಮೇಲೆತ್ತುವ ಬಿಡಿಭಾಗಗಳು) ಹಾಕಿಸಿ ಇನ್ನೊಂದೆರಡು ಇಂಚು ಮೇಲೆತ್ತಿಸಬಹುದೇ ಎಂದು ಯಾರಾದರೂ ಕೇಳಿದರೆ, ಹೆಚ್ಚಿನ ಸಂದರ್ಭಗಳಲ್ಲಿ ಬೇಡ ಎಂದೇ ನಾನು ಹೇಳುತ್ತೇನೆ. ಲಿಫ್ಟ್ ಕಿಟ್‌ಗಳ ಬಗ್ಗೆ ನನಗೆ ತಕರಾರಿಲ್ಲ. ಲ್ಯಾಡರ್ ಫ್ರೇಮ್ (ಏಣಿಯಾಕಾರದ ಉಕ್ಕಿನ ಚೌಕಟ್ಟು) ಮೇಲೆ ಕಟ್ಟಿದ, ಎಡ ಬಲ ಚಕ್ರಗಳನ್ನು ಒಂದೇ ದಂಡಕ್ಕೆ ಜೋಡಿಸುವ ಗಟ್ಟಿ ಆಕ್ಸಲ್ ಇರುವ, ಕಲ್ಲು ಕೆಸರುಗಳಿಗೆಂದೇ ತಯಾರಾದ ಗಾಡಿಗಳಲ್ಲಿ ಸರಿಯಾಗಿ ಮಾಡಿದ ಲಿಫ್ಟ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಪೋರ್ಷೆ ಮಕಾನ್, ಆಲ್ಫಾ ರೋಮಿಯೋ ಸ್ಟೆಲ್ವಿಯೋ, ಬಿಎಂಡಬ್ಲ್ಯು ಎಕ್ಸ್3ನಂಥ ಗಾಡಿಗಳ ಲೆಕ್ಕವೇ ಬೇರೆ. ಅವುಗಳ ನಾಲ್ಕೂ ಚಕ್ರಗಳು ಸ್ವತಂತ್ರ ಸಸ್ಪೆನ್ಷನ್ ಮೇಲೆ ನಿಂತಿವೆ, ಎಂದರೆ ಪ್ರತಿ ಚಕ್ರ ಇನ್ನೊಂದರ ಹಂಗಿಲ್ಲದೆ ಮೇಲೆ ಕೆಳಗೆ ಆಡುತ್ತದೆ. ಪ್ರತಿಯೊಂದು ತೋಳು, ಪ್ರತಿಯೊಂದು ಬುಷ್ (ಕೀಲಿನ ರಬ್ಬರ್), ಪ್ರತಿಯೊಂದು ಕೋನ ಒಂದು ನಿರ್ದಿಷ್ಟ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ನಿಗದಿಯಾಗಿದೆ. ಆ ಎತ್ತರವನ್ನು ಬದಲಿಸಿದರೆ ಉಳಿದ ಎಲ್ಲವೂ ಅದರ ಜೊತೆಗೆ ಬದಲಾಗುತ್ತವೆ.

ಈ ವರ್ಗದ ಗಾಡಿಗಳು ರಸ್ತೆಯತ್ತ ವಾಲಿದ್ದು ಕಂಪನಿಗಳ ಸ್ವಂತ ತೀರ್ಮಾನದಿಂದಲೇ. 2002ರಲ್ಲಿ ಬಂದ ಮೊದಲ ತಲೆಮಾರಿನ ಪೋರ್ಷೆ ಕಯೆನ್‌ನಲ್ಲಿ ಕಡಿದಾದ ಹಾದಿಯಲ್ಲಿ ನಿಧಾನವಾಗಿ, ಹೆಚ್ಚು ಬಲದಿಂದ ಸಾಗಲು ಲೋ ರೇಂಜ್ ಗೇರ್ ಇತ್ತು, ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿಯ ಚೀಲಗಳು) ಇದ್ದರೆ ಅದು ಗಾಡಿಯನ್ನು 273 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ವರೆಗೆ (ನೆಲದಿಂದ ತಳಕ್ಕಿರುವ ಅಂತರ) ಎತ್ತುತ್ತಿತ್ತು. 2010ರ ಎರಡನೇ ತಲೆಮಾರಿನಲ್ಲಿ ಆ ಲೋ ರೇಂಜ್ ಅನ್ನು ಕೈಬಿಟ್ಟು ತೂಕ ಇಳಿಸಿ, ರಸ್ತೆಯ ಮೇಲಿನ ಹಿಡಿತಕ್ಕೆ ಆದ್ಯತೆ ಕೊಟ್ಟರು. ಕೊಳ್ಳುವವರು ಬಯಸಿದ್ದೂ ಅದನ್ನೇ. ಈಗ ಅಂಥ ಗಾಡಿಯನ್ನು ಕೊಂಡು ಅದಕ್ಕೆ ಎತ್ತರ ಸೇರಿಸುವಾಗ, ಯಾವ ಗುಣಕ್ಕಾಗಿ ದುಡ್ಡು ಕೊಟ್ಟೆವೋ ಅದೇ ಗುಣದಿಂದ ಸ್ವಲ್ಪ ಸ್ವಲ್ಪವೇ ಕಳೆಯುತ್ತಿದ್ದೇವೆ ಎಂಬ ಅರಿವು ಇರಬೇಕು.

ಮೊದಲು ಕೇಳಬೇಕಾದ ಪ್ರಶ್ನೆ, ಗಾಡಿ ಎಲ್ಲಿ ತಾಗುತ್ತಿದೆ ಎಂಬುದು. ‘ತಳ ತಾಗುತ್ತದೆ’ ಎನ್ನುವ ಹಲವರು ತಳವನ್ನು ಒಮ್ಮೆಯೂ ನೋಡಿರುವುದಿಲ್ಲ. ಗ್ಯಾರೇಜಿನ ಲಿಫ್ಟ್ ಮೇಲೆ ಗಾಡಿಯನ್ನು ಏರಿಸಿ, ಟಾರ್ಚ್ ಹಿಡಿದು ನಿಧಾನವಾಗಿ ನೋಡಿ. (ಜಾಕ್ ಒಂದನ್ನೇ ನಂಬಿ ದಯವಿಟ್ಟು ಕೆಳಗೆ ನುಸುಳಬೇಡಿ.) ಮುಂದಿನ ಬಂಪರಿನ ಕೆಳತುಟಿಯಲ್ಲಿ ಮಾತ್ರ ಗೀರುಗಳಿದ್ದರೆ, ತೊಂದರೆ ಇರುವುದು ಇಳಿಜಾರನ್ನು ಏರುವಾಗ ಗಾಡಿಯ ಮೂತಿ ನೆಲಕ್ಕೆ ಸಿಗುವುದರಲ್ಲಿ. ಅಷ್ಟಕ್ಕಾಗಿ ನಾಲ್ಕೂ ಚಕ್ರಗಳ ಸಸ್ಪೆನ್ಷನ್ ಬಿಚ್ಚಬೇಕಾಗಿಲ್ಲ. ಹೊಟ್ಟೆಯ ಭಾಗದ ಪ್ಲಾಸ್ಟಿಕ್ ಹೊದಿಕೆ ಉಜ್ಜಿಹೋಗಿದ್ದರೆ, ಬೋಲ್ಟ್‌ಗಳ ತಲೆ ಒಂದೇ ದಿಕ್ಕಿನಲ್ಲಿ ಸವೆದು ಚಪ್ಪಟೆಯಾಗಿ ಹೊಳೆಯುತ್ತಿದ್ದರೆ, ಹಂಪ್ ದಾಟುವಾಗ ಎರಡು ಆಕ್ಸಲ್‌ಗಳ ನಡುವಿನ ಭಾಗ ತಾಗುತ್ತಿದೆ ಎಂದರ್ಥ. ಹಿಂದಿನ ಸೈಲೆನ್ಸರ್ ಅಥವಾ ಬಂಪರ್ ಮಾತ್ರ ಪೆಟ್ಟು ತಿಂದಿದ್ದರೆ, ಐದು ಜನ ಕೂತು ಡಿಕ್ಕಿ ತುಂಬಿದಾಗ ಗಾಡಿಯ ಹಿಂಭಾಗ ಕುಸಿಯುತ್ತಿದೆಯೇ ಎಂದು ಅಳೆದು ನೋಡಬೇಕು. ಹಾಗೆ ಕುಸಿಯುತ್ತಿದ್ದರೆ ಅದಕ್ಕೆ ಮದ್ದು ಹಿಂದಿನ ಸ್ಪ್ರಿಂಗ್‌ಗಳು. ಇಡೀ ಗಾಡಿಯನ್ನು ಎತ್ತುವ ಅಗತ್ಯ ಅಲ್ಲಿಲ್ಲ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಮೊದಲು ತಾಗದಿದ್ದ ಗಾಡಿ ಈಗ ಅದೇ ರಸ್ತೆಯಲ್ಲಿ ತಾಗತೊಡಗಿದ್ದರೆ, ರಸ್ತೆಯನ್ನು ದೂರುವ ಮುನ್ನ ಶಾಕ್ ಅಬ್ಸಾರ್ಬರ್‌ಗಳನ್ನು ನೋಡಿ. ಸವೆದ ಶಾಕ್, ಗಾಡಿ ಹಂಪ್ ಇಳಿದ ಕೂಡಲೇ ಬರುವ ಒತ್ತಡವನ್ನು ತಡೆಯಲಾರದೆ ದೇಹವನ್ನು ಪೂರ್ತಿ ಕೆಳಕ್ಕೆ ಬಿಡುತ್ತದೆ. ಅಂಥ ಗಾಡಿಗೆ ಸ್ಪೇಸರ್ (ಎತ್ತರಿಸಲು ಸಸ್ಪೆನ್ಷನ್‌ನಲ್ಲಿ ಸೇರಿಸುವ ಲೋಹದ ಬಿಲ್ಲೆ) ಹಾಕುವುದೆಂದರೆ ರೋಗ ಒಂದು, ಔಷಧ ಇನ್ನೊಂದು ಎಂದಾಗುತ್ತದೆ. ಹೊಸ ಶಾಕ್, ಹೊಸ ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಸಿದಾಗ ತಡೆಯುವ ರಬ್ಬರ್) ಹಾಕಿದ ಮೇಲೆ ಕಳೆದುಹೋದ ಎತ್ತರ ತಾನಾಗಿಯೇ ಮರಳಿದಂತೆ ಅನಿಸುವುದುಂಟು.

ಲಿಫ್ಟ್‌ನಿಂದ ಸಿಗುವ ಲಾಭವನ್ನು ಅಂಕಿಗಳಲ್ಲಿ ನೋಡೋಣ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2800 ಮಿ.ಮೀ., ಗ್ರೌಂಡ್ ಕ್ಲಿಯರೆನ್ಸ್ 200 ಮಿ.ಮೀ. ಇರುವ ಒಂದು ಗಾಡಿಯನ್ನು ಊಹಿಸಿಕೊಳ್ಳಿ. ಹೊಟ್ಟೆ ತಾಗದಂತೆ ಅದು ದಾಟಬಲ್ಲ ದಿಬ್ಬದ ಕೋನ, ಸರಳ ಲೆಕ್ಕದಲ್ಲಿ, ಸುಮಾರು 16.3 ಡಿಗ್ರಿ. ಅದನ್ನು 30 ಮಿ.ಮೀ. ಎತ್ತರಿಸಿದರೆ ಕೋನ 18.7 ಡಿಗ್ರಿಗೆ ಏರುತ್ತದೆ, ಎಂದರೆ ದೊರೆತದ್ದು ಎರಡೂವರೆ ಡಿಗ್ರಿಗೂ ಸ್ವಲ್ಪ ಕಡಿಮೆ. ಒಂದು ನಿರ್ದಿಷ್ಟ ಹಂಪ್ ಅಥವಾ ಗೇಟಿನ ರಾಂಪ್ ನಿಮ್ಮನ್ನು ದಿನವೂ ಕಾಡುತ್ತಿದ್ದು, ಆ ಎರಡು ಚಿಲ್ಲರೆ ಡಿಗ್ರಿಯಿಂದಲೇ ಅದು ಪರಿಹಾರವಾಗುತ್ತದೆ ಎಂದಾದರೆ ಲಾಭ ನಿಜವಾದದ್ದೇ. ಆದರೆ ಲಿಫ್ಟ್ ಹಾಕಿಸಿದ ಮಾತ್ರಕ್ಕೆ ಬಂಡೆಗಳ ಮೇಲೆ ಹತ್ತಬಹುದು ಎಂದು ಭಾವಿಸುವವರು ಈ ಅಂಕಿಯನ್ನು ನೆನಪಿನಲ್ಲಿಡಬೇಕು.

ಈಗ ಕೊಡಬೇಕಾದ ಬೆಲೆಯ ಮಾತು. ಗಾಡಿ ಮಗುಚದೆ ನಿಲ್ಲುವ ಗುಣವನ್ನು ಅಳೆಯಲು, ಎಡ ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವ ಒಂದು ಸರಳ ಸೂತ್ರವಿದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ 2001ರ ಮಾದರಿಗಳಿಂದ ತನ್ನ ಮಗುಚುವಿಕೆಯ ರೇಟಿಂಗ್‌ಗೆ ಬಳಸುತ್ತ ಬಂದಿರುವುದು ಇದನ್ನೇ. ಅಗಲ 1600 ಮಿ.ಮೀ., ಗುರುತ್ವ ಕೇಂದ್ರ 650 ಮಿ.ಮೀ. ಎತ್ತರದಲ್ಲಿದ್ದರೆ ಉತ್ತರ 1.23. ಗಾಡಿಯನ್ನು 40 ಮಿ.ಮೀ. ಎತ್ತರಿಸಿದಾಗ ಚಕ್ರ, ಬ್ರೇಕುಗಳ ತೂಕ ಕೆಳಗೇ ಉಳಿಯುವುದರಿಂದ ಗುರುತ್ವ ಕೇಂದ್ರ ಸುಮಾರು 35 ಮಿ.ಮೀ. ಏರಿತು ಎಂದಿಟ್ಟುಕೊಂಡರೂ ಉತ್ತರ 1.17ಕ್ಕೆ ಇಳಿಯುತ್ತದೆ. ಶೇಕಡಾ 5ರಷ್ಟು ಇಳಿಕೆ ಕಾಗದದ ಮೇಲೆ ಚಿಕ್ಕದಾಗಿ ಕಾಣಬಹುದು. ಆದರೆ ಎದುರಿಗೆ ಏನೋ ಅಡ್ಡ ಬಂದು ಸ್ಟೀರಿಂಗ್ ಅನ್ನು ಒಮ್ಮೆ ಬಲಕ್ಕೆ, ಮರುಕ್ಷಣವೇ ಎಡಕ್ಕೆ ತಿರುಗಿಸಬೇಕಾದಾಗ, ತುಂಬಿದ ಗಾಡಿಯಲ್ಲಿ ಆ ಐದು ಶೇಕಡಾ ಎಲ್ಲಿತ್ತು ಎಂಬುದು ತಿಳಿಯುತ್ತದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಸಾಧ್ಯವಿಲ್ಲ.

ಕಂಪನಿಗಳೇ ಸ್ಪೋರ್ಟ್ಸ್ ಕಾರನ್ನು ಎತ್ತರಿಸಿದ ಉದಾಹರಣೆಗಳು ನಮ್ಮ ಮುಂದಿವೆ, ಅವುಗಳಿಂದ ಕಲಿಯುವುದೂ ಬಹಳ ಇದೆ. ಲ್ಯಾಂಬೋರ್ಗಿನಿ ಹುರಕಾನ್ ಸ್ಟೆರಾಟೊ, ಹುರಕಾನ್ ಇವೋಗಿಂತ 44 ಮಿ.ಮೀ. ಎತ್ತರವಿದೆ. ಆದರೆ ಎತ್ತರಿಸಿ ಸುಮ್ಮನಾಗದೆ, ಚಕ್ರಗಳ ನಡುವಿನ ಅಗಲವನ್ನು ಮುಂದೆ 30 ಮಿ.ಮೀ., ಹಿಂದೆ 34 ಮಿ.ಮೀ. ಹೆಚ್ಚಿಸಿದರು. ಮೇಲಿನ ಸೂತ್ರದಲ್ಲಿ ಒಂದು ಬದಿಯಲ್ಲಿ ಕಳೆದದ್ದನ್ನು ಇನ್ನೊಂದು ಬದಿಯಲ್ಲಿ ತುಂಬಿಕೊಡುವ ಪ್ರಯತ್ನ ಅದು. ಪೋರ್ಷೆ 911 ಡಕಾರ್, ಸ್ಪೋರ್ಟ್ ಸಸ್ಪೆನ್ಷನ್ ಇರುವ 911 ಕರೆರಾಗಿಂತ 50 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ, ಬೇಕೆಂದಾಗ ಇನ್ನೂ 30 ಮಿ.ಮೀ. ಏರುತ್ತದೆ. ಆದರೆ ಗಂಟೆಗೆ 170 ಕಿ.ಮೀ. ದಾಟಿದೊಡನೆ ತಾನಾಗಿಯೇ ಕೆಳಗಿಳಿಯುತ್ತದೆ. ಇಷ್ಟೊಂದು ಪರೀಕ್ಷಾ ಸೌಕರ್ಯ ಇರುವವರು ಇಷ್ಟು ಎಚ್ಚರ ವಹಿಸಿದ್ದಾರೆ. ಡಬ್ಬದಲ್ಲಿ ಬಂದ ನಾಲ್ಕು ಅಲ್ಯೂಮಿನಿಯಂ ಬಿಲ್ಲೆಗಳಿಂದ ಅದೇ ಫಲ ಸಿಗುತ್ತದೆ ಎಂದು ನಿರೀಕ್ಷಿಸುವುದು ಸರಿಯಲ್ಲ.

ಆ ಬಿಲ್ಲೆಗಳ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸ್ಪೇಸರ್‌ನಲ್ಲಿ ಎರಡು ಬಗೆ. ಶಾಕ್ ಮತ್ತು ಸ್ಪ್ರಿಂಗ್ ಒಂದಾಗಿ ಸೇರಿದ ಸ್ಟ್ರಟ್‌ನ ತಲೆಯ ಮೇಲೆ, ಅದು ದೇಹಕ್ಕೆ ಕೂಡುವ ಜಾಗದಲ್ಲಿ ಕೂರುವುದು ಒಂದು ಬಗೆ. ಇಲ್ಲಿ ಶಾಕ್ ಮತ್ತು ಸ್ಪ್ರಿಂಗ್ ಎರಡೂ ಮೊದಲಿನಂತೆಯೇ ಕೆಲಸ ಮಾಡುತ್ತವೆ, ಆದರೆ ಗುಂಡಿಯಲ್ಲಿ ಚಕ್ರ ಪೂರ್ತಿ ಕೆಳಗೆ ಜೋತಾಗ ಮೊದಲಿಗಿಂತ ಅಷ್ಟೇ ಹೆಚ್ಚು ಕೆಳಗೆ ಹೋಗುತ್ತದೆ. ಅಲ್ಲಿ ಬಾಲ್ ಜಾಯಿಂಟ್, ಬ್ರೇಕ್ ಹೋಸ್, ಆಕ್ಸಲ್ ಶಾಫ್ಟ್ ಎಲ್ಲವೂ ತಮ್ಮ ಮಿತಿಯ ಅಂಚಿಗೆ ಬರುತ್ತವೆ. ಸ್ಪ್ರಿಂಗ್‌ನ ಮೇಲೋ ಕೆಳಗೋ ಕೂತು ಅದನ್ನಷ್ಟೇ ತಳ್ಳುವುದು ಇನ್ನೊಂದು ಬಗೆ. ಇಲ್ಲಿ ಶಾಕ್ ನಿಂತಲ್ಲಿಯೇ ಹೆಚ್ಚು ಹಿಗ್ಗಿರುತ್ತದೆ, ಕೆಳಕ್ಕೆ ಚಾಚಲು ಉಳಿಯುವ ಜಾಗ ಕಡಿಮೆ. ಹಂಪ್ ಇಳಿದೊಡನೆ ‘ಟಕ್’ ಎಂಬ ಸದ್ದು ಬರುವುದು ಶಾಕ್ ತನ್ನ ತುದಿ ಮುಟ್ಟಿದಾಗ. ಎರಡರಲ್ಲಿ ಒಂದನ್ನೂ ನಾನು ಒಪ್ಪುವುದಿಲ್ಲ. ಎತ್ತರಿಸಲೇಬೇಕಿದ್ದರೆ, ಆ ಗಾಡಿಯ ತೂಕಕ್ಕೆಂದೇ ಮಾಡಿದ ಸ್ಪ್ರಿಂಗ್, ಅದಕ್ಕೆ ಹೊಂದುವ ಉದ್ದದ ಶಾಕ್, ಎರಡನ್ನೂ ಒಟ್ಟಿಗೆ ಹಾಕಿಸಬೇಕು.

ಓರೆಯಾದ ಶಾಫ್ಟ್‌ನಿಂದಲೂ ಚಕ್ರಕ್ಕೆ ತಿರುಗುವ ಬಲ ಮುಟ್ಟಿಸುವ ಕೀಲುಗಳಾದ ಸಿವಿ ಜಾಯಿಂಟ್‌ಗಳ ಪಾಡು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಯಲ್ಲಿ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ದೇಹದ ಜೊತೆ ಮೇಲೇಳುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ. ನಡುವಿನ ಶಾಫ್ಟ್ 400 ಮಿ.ಮೀ. ಉದ್ದವಿದ್ದರೆ, 40 ಮಿ.ಮೀ. ಎತ್ತರಿಸಿದಾಗ ಅದರ ಓರೆ ಸುಮಾರು 5.7 ಡಿಗ್ರಿ ಹೆಚ್ಚುತ್ತದೆ, ಮತ್ತು ಗಾಡಿ ನೇರ ರಸ್ತೆಯಲ್ಲಿ ಓಡುವಾಗಲೂ ಜಾಯಿಂಟ್ ಆ ಓರೆಯಲ್ಲೇ ಸುತ್ತುತ್ತಿರುತ್ತದೆ. ಅದರ ಮೇಲಿನ ರಬ್ಬರ್ ಬೂಟಿನ ಮಡಿಕೆಗಳು ಒಂದು ಬದಿಯಲ್ಲಿ ಹಿಗ್ಗಿ, ಇನ್ನೊಂದು ಬದಿಯಲ್ಲಿ ಒಂದಕ್ಕೊಂದು ಉಜ್ಜುತ್ತವೆ. ಕೊನೆಗೊಂದು ದಿನ ಮಡಿಕೆ ಸೀಳುತ್ತದೆ. ಆಗ ರಿಮ್‌ನ ಒಳಬದಿಯಲ್ಲಿ ಕಪ್ಪು ಗ್ರೀಸ್ ಎರಚಿದ ಗೆರೆ ಕಾಣುತ್ತದೆ, ಆ ಸೀಳಿನಿಂದಲೇ ಧೂಳು ಮತ್ತು ನೀರು ಒಳಗೆ ಸೇರುತ್ತವೆ. ಪೂರ್ತಿ ತಿರುವಿನಲ್ಲಿ ‘ಕಟ ಕಟ’ ಸದ್ದು ಬರುವ ಹೊತ್ತಿಗೆ ಜಾಯಿಂಟ್ ಉಳಿಸುವ ಕಾಲ ಮೀರಿರುತ್ತದೆ.

ಚಕ್ರವನ್ನು ತಿರುಗಿಸುವ ಸ್ಟೀರಿಂಗ್‌ನ ಟೈ ರಾಡ್ ಮತ್ತು ಕೆಳಗಿನ ತೋಳು ಒಂದೇ ಬಗೆಯ ಕಮಾನಿನಲ್ಲಿ ಚಲಿಸುವಂತೆ ಜೋಡಿಸಿರುತ್ತಾರೆ. ಎತ್ತರ ಬದಲಾದಾಗ ಆ ಹೊಂದಾಣಿಕೆ ತಪ್ಪಿ, ಉಬ್ಬುತಗ್ಗಿನಲ್ಲಿ ಚಕ್ರ ತಾನಾಗಿ ಸ್ವಲ್ಪ ತಿರುಗತೊಡಗಬಹುದು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಮತ್ತು ಟೋ (ಮೇಲಿನಿಂದ ನೋಡಿದಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗಿ ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ. ಅಲೈನ್‌ಮೆಂಟ್‌ನಿಂದ ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದಾದರೂ, ಹೊಂದಿಸುವ ಅವಕಾಶವನ್ನೇ ಕೊಡದ ಗಾಡಿಗಳೂ ಇವೆ. ಹೆಡ್‌ಲೈಟ್‌ನ ಬೆಳಕು, ಮುಂದಿನ ಕ್ಯಾಮೆರಾ ಮತ್ತು ರಾಡಾರ್ ಇವುಗಳನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇರುವ ಗಾಡಿಯಲ್ಲಿ ಈ ಕೆಲಸವನ್ನು ಬಿಟ್ಟುಬಿಡುವ ಹಾಗೆಯೇ ಇಲ್ಲ.

ಏರ್ ಸಸ್ಪೆನ್ಷನ್ ಇರುವವರು ಈ ಗೋಜಿಗೇ ಹೋಗಬೇಡಿ. ಎತ್ತರ ಅಳೆಯುವ ಸೆನ್ಸರ್‌ನ ಕಡ್ಡಿಯನ್ನು ಬದಲಿಸಿ ಕಂಪ್ಯೂಟರನ್ನು ನಂಬಿಸಿ ಗಾಡಿಯನ್ನು ಸದಾ ಮೇಲೆ ನಿಲ್ಲಿಸುವ ದಾರಿ ಅಗ್ಗವಾಗಿ ಕಾಣುತ್ತದೆ. ಆದರೆ ಬೇಕಾದಾಗ ಏರಿಸಿ, ವೇಗ ಹೆಚ್ಚಿದಾಗ ಇಳಿಸುವ ಸೌಲಭ್ಯ ನಿಮ್ಮ ಬಳಿ ಈಗಾಗಲೇ ಇದೆ. ಹಿಂದಿನ ಔಡಿ ಆಲ್‌ರೋಡ್ ಇದೇ ತಂತ್ರದಿಂದ 142 ರಿಂದ 208 ಮಿ.ಮೀ.ವರೆಗೆ ತನ್ನ ಎತ್ತರ ಬದಲಿಸುತ್ತಿತ್ತು. ಗುಂಡಿ ಬಿದ್ದ ಹಾದಿಗೂ ಹೆದ್ದಾರಿಗೂ ಒಂದೇ ಗಾಡಿ ಸಾಕಾಗುವುದು ಹೀಗೆ.

ಉಳಿದವರಿಗೆ ನಾನು ಮೊದಲು ಹೇಳುವುದು ಟೈರ್ ಮತ್ತು ರಿಮ್‌ನ ವಿಷಯ. ಸ್ಪೋರ್ಟಿ ಎಸ್‌ಯುವಿಗಳ ಮಾಲೀಕರು ಅನುಭವಿಸುವ ಕಷ್ಟಗಳಲ್ಲಿ ಅರ್ಧಕ್ಕರ್ಧ ತೆಳ್ಳನೆಯ ಟೈರ್‌ನಿಂದ ಬಂದದ್ದು ಎಂಬುದು ನನ್ನ ಅಭಿಪ್ರಾಯ. 255/45 ಆರ್20 ಟೈರ್‌ನ ಪಕ್ಕೆಯ ಎತ್ತರ ಸುಮಾರು 115 ಮಿ.ಮೀ. ಅದರ ಬದಲು 18 ಇಂಚಿನ ರಿಮ್ ಮೇಲೆ 235/60 ಅಳತೆಯ ಟೈರ್ ಹಾಕಿದರೆ ಪಕ್ಕೆ 141 ಮಿ.ಮೀ. ಆಗುತ್ತದೆ, ಒಟ್ಟು ವ್ಯಾಸ ಮಾತ್ರ 738 ರಿಂದ 739 ಮಿ.ಮೀ. ಆದೀತು ಅಷ್ಟೆ. ಸ್ಪೀಡೋಮೀಟರ್ ಕೆಡುವುದಿಲ್ಲ, ಶಾಫ್ಟ್ ಓರೆಯಾಗುವುದಿಲ್ಲ, ಗುರುತ್ವ ಕೇಂದ್ರ ಇದ್ದಲ್ಲೇ ಇರುತ್ತದೆ, ಗುಂಡಿಯ ಅಂಚಿಗೆ ಬಡಿದಾಗ ರಿಮ್ ಬಾಗುವ ಭಯ ಬಹಳಷ್ಟು ಕಡಿಮೆಯಾಗುತ್ತದೆ. ದೊಡ್ಡ ಬ್ರೇಕ್ ಕ್ಯಾಲಿಪರ್‌ಗಳಿಗೆ 18 ಇಂಚಿನ ರಿಮ್ ಹಿಡಿಸುತ್ತದೆಯೇ, ಟೈರ್‌ನ ಲೋಡ್ ಇಂಡೆಕ್ಸ್ (ಅದು ಹೊರಬಲ್ಲ ಭಾರದ ಸಂಖ್ಯೆ) ಕಂಪನಿ ಹೇಳಿದಷ್ಟಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಇದರ ಜೊತೆಗೆ ಎಂಜಿನ್ ಕೆಳಗೊಂದು ಗಟ್ಟಿ ಸ್ಕಿಡ್ ಪ್ಲೇಟ್ ಹಾಕಿಸಿದರೆ, ಅಪರೂಪಕ್ಕೊಮ್ಮೆ ತಾಗಿದರೂ ಆಯಿಲ್ ಸಂಪ್ ಒಡೆಯುವ ಚಿಂತೆ ಇರುವುದಿಲ್ಲ. ಈ ಬದಲಾವಣೆಯಿಂದ ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚುವುದಿಲ್ಲ ಎಂಬುದು ನಿಜ. ಆದರೆ ಕೆಟ್ಟ ರಸ್ತೆಯಲ್ಲಿ ನೆಮ್ಮದಿಯಾಗಿ ಸಾಗುವುದಷ್ಟೇ ಹಲವರಿಗೆ ಬೇಕಾಗಿರುತ್ತದೆ, ಅದು ಇದರಿಂದ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೂ ದಿನನಿತ್ಯದ ದಾರಿಯಲ್ಲಿ ಹೊಟ್ಟೆ ತಾಗುತ್ತಲೇ ಇದ್ದರೆ, ಖಾಲಿ ಗಾಡಿಯೂ ತಾಗುತ್ತಿದ್ದರೆ, ಆಗ 25 ರಿಂದ 30 ಮಿ.ಮೀ. ಒಳಗಿನ ಲಿಫ್ಟ್ ಅನ್ನು ನಾನು ವಿರೋಧಿಸುವುದಿಲ್ಲ. ಅದಕ್ಕಿಂತ ಹೆಚ್ಚು ಬೇಕಾಗಿದ್ದರೆ ಬೇರೆ ಗಾಡಿ ನೋಡುವುದು ಒಳ್ಳೆಯದು. ಸಸ್ಪೆನ್ಷನ್ ಜೋಡಿಸಿರುವ ಚೌಕಟ್ಟನ್ನು (ಸಬ್‌ಫ್ರೇಮ್) ಕೆಳಕ್ಕೆ ಇಳಿಸಿ, ತೋಳುಗಳನ್ನು ಬದಲಿಸಿ ಇದನ್ನೊಂದು ಬೆಟ್ಟ ಹತ್ತುವ ಗಾಡಿಯನ್ನಾಗಿ ಮಾಡುವ ಖರ್ಚಿನಲ್ಲಿ, ಆ ಕೆಲಸಕ್ಕೆಂದೇ ಹುಟ್ಟಿದ ಹಳೆಯ ಗಾಡಿಯೊಂದು ಸಿಕ್ಕೀತು. ಕೆಲಸಕ್ಕೆ ಕೈ ಹಾಕುವ ಮೊದಲು ನಿಮ್ಮಲ್ಲಿನ ಸಾರಿಗೆ ನಿಯಮ ಇಂಥ ಬದಲಾವಣೆಯನ್ನು ಒಪ್ಪುತ್ತದೆಯೇ ಎಂದು ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಗಾಡಿ ವಾರಂಟಿಯಲ್ಲಿದ್ದರೆ ಸಸ್ಪೆನ್ಷನ್ ಮತ್ತು ಶಾಫ್ಟ್‌ಗಳ ಹೊಣೆಯನ್ನು ಕಂಪನಿ ನಿರಾಕರಿಸಬಹುದು ಎಂಬುದೂ ಲೆಕ್ಕದಲ್ಲಿರಲಿ.

ಹಾಕಿಸುವಾಗ ಕೆಳ ತೋಳುಗಳ ಬುಷ್ ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ತನ್ನ ಪೂರ್ತಿ ಭಾರ ಹೊತ್ತು ನಿಂತಾಗಲೇ ಕೊನೆಯ ಬಿಗಿ ಕೊಡಬೇಕು, ಚಕ್ರ ಜೋತಾಡುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೆಕ್ಯಾನಿಕ್‌ಗೆ ಇದನ್ನು ಹೇಳಲು ಸಂಕೋಚ ಪಡಬೇಡಿ. ಅಲೈನ್‌ಮೆಂಟ್ ಅನ್ನು ಕೂಡಲೇ ಒಮ್ಮೆ, ಸ್ಪ್ರಿಂಗ್‌ಗಳು ಕೂತ ಮೇಲೆ ಇನ್ನೊಮ್ಮೆ ಮಾಡಿಸಿ. ಪ್ರತಿ ಸರ್ವೀಸ್‌ನಲ್ಲೂ ಸಿವಿ ಬೂಟುಗಳನ್ನು ನೋಡಲು ಹೇಳಿ. ಬಿಚ್ಚಿದ ಮೂಲ ಸ್ಪ್ರಿಂಗ್ ಮತ್ತು ಶಾಕ್‌ಗಳು ಚೆನ್ನಾಗಿದ್ದರೆ ಮಾರದೆ, ಯಾವುದು ಎಡ, ಯಾವುದು ಬಲ ಎಂದು ಬರೆದು ಜೋಪಾನವಾಗಿ ಇಟ್ಟುಕೊಳ್ಳಿ. ಹೊಸ ಎತ್ತರದಲ್ಲಿ ಗಾಡಿ ತಿರುವಿನಲ್ಲಿ ನಡೆದುಕೊಳ್ಳುವ ರೀತಿ ನಿಮಗೆ ಹಿಡಿಸದೆ ಹೋದರೆ, ಅದನ್ನು ಮೊದಲಿನಂತೆ ಮಾಡಲು ಅವು ಬೇಕಾಗುತ್ತವೆ.