ಸಬ್ಜೆಕ್ಟ್ ಸಾಲಿನಲ್ಲಿ 'ದಿ' ಬೇಕಾ, ಬೇಡ್ವಾ?

ಇಂಗ್ಲಿಷಿನಲ್ಲಿ ಆಫೀಸಿನ ಪತ್ರ ಬರೆಯುವಾಗ ನನಗೆ ಜಾಸ್ತಿ ಹೊತ್ತು ಹಿಡಿಯುವುದು ಸಬ್ಜೆಕ್ಟ್ ಸಾಲು. 'ಎ', 'ಆ್ಯನ್', 'ದಿ' ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ಆರ್ಟಿಕಲ್ ಅನ್ನುವ ಈ ಪುಟ್ಟ ಪದಗಳು ಕನ್ನಡದಲ್ಲಿ ಇಲ್ಲ, ನಿಜ. ಆದರೆ ಅವು ಮಾಡುವ ಕೆಲಸ ನಮಗೆ ಹೊಸದಲ್ಲ. 'ಪತ್ರ ಓದಿದೆ' ಅಂದರೆ ಅದು ಯಾವುದೋ ಪತ್ರ ಇರಬಹುದು. 'ಪತ್ರವನ್ನು ಓದಿದೆ' ಅಂದಾಗ ಸಾಮಾನ್ಯವಾಗಿ ಇಬ್ಬರಿಗೂ ಗೊತ್ತಿರುವ ಪತ್ರವೇ ನೆನಪಿಗೆ ಬರುತ್ತದೆ. ಆ 'ಅನ್ನು' ಸುಮ್ನೆ ಬಂದು ಕೂತಿಲ್ಲ, ಅಲ್ವಾ?

'ವಿಷಯ: ರಜೆ ಕೋರಿ' ಅಂತ ಬರೆಯುತ್ತೇವಲ್ಲ, ಅದು ಪೂರ್ತಿ ವಾಕ್ಯವಲ್ಲ. ಇಂಗ್ಲಿಷಿನಲ್ಲೂ ಹಾಗೇ. ಅದಕ್ಕೇ ಸಾಲಿನ ಮೊದಲ ಆರ್ಟಿಕಲ್ ಬಿಡುವುದು ರೂಢಿ. 'ರಿಕ್ವೆಸ್ಟ್ ಫಾರ್ ಲೀವ್' ಅಂದರೆ ಸಾಕು, ಮೊದಲಿಗೆ 'ಎ' ಬೇಡ. ರಜೆಗೆ 'ದಿ' ಸೇರಿಸಿ 'ಫಾರ್ ದಿ ಲೀವ್' ಅನ್ನುವುದಂತೂ ತಪ್ಪೇ. ನಂಬರ್ ಇದ್ದಾಗಲೂ 'ಇನ್‌ವಾಯ್ಸ್ ನಂಬರ್ 45' ಅಂತ ನೇರವಾಗಿ ಬರೆಯಬೇಕು.

ಹಾಗಂತ ಸಾಲು ಚಿಕ್ಕದಾಗಲಿ ಎಂದು ಎಲ್ಲವನ್ನೂ ಕಿತ್ತು ಹಾಕುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆ ಒಂದು ಕರಡು ಓದಿ, 'ಫ್ಯೂ ಸಜೆಷನ್ಸ್ ಆನ್ ದಿ ಡ್ರಾಫ್ಟ್' ಎಂದು ಬರೆದು ಕಳಿಸಿದ್ದೆ. ಒಳಗೆ ಎರಡು ಪುಟದಷ್ಟು ಸಲಹೆಗಳಿದ್ದವು. ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಪಕ್ಕಕ್ಕೆ ಕರೆದು ಹೇಳಿದರು: "'ಎ ಫ್ಯೂ' ಅಂದ್ರೆ ಕೆಲವು. ಬರೀ 'ಫ್ಯೂ' ಅಂದ್ರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ." ಒಂದೇ ಅಕ್ಷರ ಬಿಟ್ಟಿದ್ದಕ್ಕೆ ಅರ್ಥವೇ ತಿರುಗಿತ್ತು. 'ಎ ಲಿಟಲ್', 'ಲಿಟಲ್' ಕೂಡ ಹೀಗೇ. ಅವತ್ತಿನಿಂದ ಈ ಪುಟ್ಟ ಪದಗಳ ಮೇಲೆ ನನಗೆ ಗೌರವ ಬಂದಿದೆ.

ಒಪ್ಪಂದದ ಪತ್ರಗಳಲ್ಲಿ ಇನ್ನೂ ಎಚ್ಚರ ಬೇಕು. 'ಟರ್ಮಿನೇಷನ್ ಆಫ್ ಎ ಕಾಂಟ್ರಾಕ್ಟ್' ಅಂದರೆ ಯಾವುದೋ ಒಂದು ಒಪ್ಪಂದ. 'ಆಫ್ ದಿ ಕಾಂಟ್ರಾಕ್ಟ್' ಅಂದರೆ ನಮ್ಮಿಬ್ಬರ ನಡುವಿನ ಒಪ್ಪಂದ. ಹತ್ತಾರು ಕಾಗದ ನೋಡುವವರಿಗೆ ಆ 'ದಿ' ತುಂಬಾ ಸಹಾಯ ಮಾಡುತ್ತದೆ. ಅದನ್ನು ಬಿಟ್ಟರೆ ವ್ಯಾಕರಣದ ಪ್ರಕಾರ ತಪ್ಪಾಗದಿರಬಹುದು, ಆದರೂ ನಾನು ಬಿಡುವುದಿಲ್ಲ.

ಹೆಸರಿನಲ್ಲೇ ಇರುವ ಆರ್ಟಿಕಲ್ಲನ್ನು ಮುಟ್ಟಲೇಬಾರದು. ದಿ ಹೇಗ್ ನಗರ, ದಿ ಗ್ಯಾಂಬಿಯಾ ದೇಶ ಇವಕ್ಕೆಲ್ಲ 'ದಿ' ಹೆಸರಿನದೇ ಭಾಗ.

ಮತ್ತೆ, ಆರ್ಟಿಕಲ್ ಬಿಡುವ ಈ ವಿನಾಯಿತಿ ಸಬ್ಜೆಕ್ಟ್ ಸಾಲಿಗೆ ಮಾತ್ರ. ಮೇಲೆ 'ರಿಕ್ವೆಸ್ಟ್ ಫಾರ್ ಎಕ್ಸ್‌ಟೆನ್ಷನ್ ಆಫ್ ಡೆಡ್‌ಲೈನ್' ಅಂತ ಬರೆದವರು, ಪತ್ರದ ಒಳಗೆ 'ಐ ರಿಕ್ವೆಸ್ಟ್ ಆ್ಯನ್ ಎಕ್ಸ್‌ಟೆನ್ಷನ್ ಆಫ್ ದಿ ಡೆಡ್‌ಲೈನ್' ಅಂತಲೇ ಬರೆಯಬೇಕು.