ಹ್ಯಾಮ್ ರೇಡಿಯೋ ಇದ್ದರೆ ಕಾಡಲ್ಲೂ ಮ್ಯಾಪಲ್ಲಿ ಕಾಣಿಸುತ್ತೀರಾ?

"ಹ್ಯಾಮ್ ರೇಡಿಯೋ ಜೊತೆಗಿದ್ದರೆ ಸಾಕು, ಮೊಬೈಲ್ ಸಿಗ್ನಲ್ ಇಲ್ಲದ ಕಾಡಲ್ಲೂ ಮನೆಯವರು ನಿಮ್ಮನ್ನು ಮ್ಯಾಪಲ್ಲಿ ನೋಡಬಹುದು" ಎಂಬ ಫಾರ್ವರ್ಡ್ ಅರ್ಧ ಮಾತ್ರ ನಿಜ. ಹ್ಯಾಮ್ ರೇಡಿಯೋ ಅಂದರೆ ಹವ್ಯಾಸಿಗಳು ತಮ್ಮತಮ್ಮಲ್ಲಿ ಸಂಪರ್ಕಕ್ಕೆ ಬಳಸುವ ರೇಡಿಯೋ.

ಹೀಗೆ ರೇಡಿಯೋದಿಂದ ಜಾಗ ತಿಳಿಸುವ ವ್ಯವಸ್ಥೆಯ ಹೆಸರು ಎಪಿಆರ್‌ಎಸ್. ಅಮೆರಿಕದ ಬಾಬ್ ಬ್ರುನಿಂಗಾ ರೂಪಿಸಿದ್ದು. ಜಿಪಿಎಸ್ ಹೇಳಿದ ಜಾಗವನ್ನು ರೇಡಿಯೋ ಪುಟ್ಟ ಡೇಟಾ ಪ್ಯಾಕೆಟ್ ಮಾಡಿ ಗಾಳಿಗೆ ಬಿಡುತ್ತದೆ. ಉತ್ತರ ಅಮೆರಿಕದಲ್ಲಿ 144.39, ಯುರೋಪಿನಲ್ಲಿ 144.8 ಮೆಗಾಹರ್ಟ್ಸ್‌ನಲ್ಲಿ. ಆ ಪ್ಯಾಕೆಟ್ ಇಂಟರ್ನೆಟ್ ಇರುವ ಐಗೇಟ್ ಸ್ಟೇಷನ್‌ಗೆ ನೇರವಾಗಿಯೋ, ನಡುವೆ ಪ್ಯಾಕೆಟ್ ಕೇಳಿಸಿಕೊಂಡು ಮತ್ತೆ ಬಿಡುವ ಡಿಜಿಪೀಟರ್ ಸ್ಟೇಷನ್ ಮೂಲಕವೋ ಕೇಳಿಸಬೇಕು. ಆಗಷ್ಟೇ ಮ್ಯಾಪಿಗೆ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಮುಗೀತು. ಐಗೇಟ್ ನಡೆಸುವವರೂ ಹವ್ಯಾಸಿಗಳೇ ಅಲ್ವಾ, ಎಲ್ಲ ಕಡೆ ಇರುವುದಿಲ್ಲ. ಜಾಗದ ಪ್ಯಾಕೆಟ್ ತಲುಪಿತು ಎಂಬ ಉತ್ತರವೂ ಬರುವುದಿಲ್ಲ. ಮ್ಯಾಪಲ್ಲಿ ಕಾಣುವುದು ಕೊನೆಗೆ ಕೇಳಿಸಿದ ಜಾಗ. ಅದರ ಸಮಯವನ್ನೂ ನೋಡಿ.

ಹಾಂ, ಭಾರತದಲ್ಲಿ ಇದನ್ನು ಬಳಸಲು ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಲೇಬೇಕು.